ಬಿಲ್ ಪುಸ್ತಕದಿಂದ ಇ-ಇನ್‌ವಾಯ್ಸ್‌ಗೆ: ಉತ್ತರ ಕನ್ನಡದ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿಯಲ್ಲಿದ್ದುಕೊಂಡು ವ್ಯಾಪಾರಿಗಳ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುವವನು. ನನ್ನ ಮೇಜಿನ ಎದುರು ಕೂರುವವರಲ್ಲಿ ಅಡಿಕೆ ದಲಾಲರಿದ್ದಾರೆ, ಕುಮಟಾ ಕಡೆಯ ಗೇರುಬೀಜ ಕಾರ್ಖಾನೆಯವರಿದ್ದಾರೆ, ಕಾರವಾರದ ಗುತ್ತಿಗೆದಾರರು, ಮೀನಿನ ಬಂದರಿಗೆ ಮಂಜುಗಡ್ಡೆ ಪೂರೈಸುವವರು ಇದ್ದಾರೆ. ಘಟ್ಟದ ಮೇಲಿನವರ ಮಾತಿನ ಧಾಟಿ ಬೇರೆ, ಕೆಳಗಿನವರದು ಬೇರೆ. ಇ-ಇನ್‌ವಾಯ್ಸ್ ಎಂದ ಕೂಡಲೇ ಹುಬ್ಬು ಗಂಟಿಕ್ಕುವ ರೀತಿ ಮಾತ್ರ ಒಂದೇ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಅವು ನಾನು ಕೈ ಸುಟ್ಟುಕೊಂಡ ಜಾಗಗಳು.

ನಾನು ಆಗಲೇ ಕಂಪ್ಯೂಟರ್‌ನಲ್ಲಿ ಬಿಲ್ ಮಾಡಿ, ಪಿಡಿಎಫ್ ಅನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದೇನೆ. ಅದು ಇ-ಇನ್‌ವಾಯ್ಸ್ ಅಲ್ಲವೇ?

ಅಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. ಕೈಬರಹದ ಬದಲು ಕಂಪ್ಯೂಟರ್ ಬಂದಾಗ ಬದಲಾದದ್ದು ಅಕ್ಷರ ಮಾತ್ರ. ಬಿಲ್ ಆಗಲೂ ನಿಮ್ಮ ಅಂಗಡಿಯೊಳಗೇ ಹುಟ್ಟುತ್ತಿತ್ತು, ನಿಮ್ಮ ಕೈಯಿಂದಲೇ ಗಿರಾಕಿಗೆ ಹೋಗುತ್ತಿತ್ತು. ಇ-ಇನ್‌ವಾಯ್ಸ್‌ನಲ್ಲಿ ಬಿಲ್ಲಿನ ವಿವರ ಮೊದಲು ಇನ್‌ವಾಯ್ಸ್ ನೋಂದಣಿ ಪೋರ್ಟಲ್‌ಗೆ, ಅಂದರೆ ಐಆರ್‌ಪಿಗೆ ಹೋಗುತ್ತದೆ. ಅಲ್ಲಿ ಪರಿಶೀಲನೆಯಾಗಿ, 64 ಅಕ್ಷರಗಳ ಉಲ್ಲೇಖ ಸಂಖ್ಯೆ (ಐಆರ್‌ಎನ್), ಪೋರ್ಟಲ್‌ನ ಡಿಜಿಟಲ್ ಸಹಿ ಮತ್ತು ಒಂದು ಕ್ಯೂಆರ್ ಕೋಡ್ ಹೊತ್ತು ಮರಳುತ್ತದೆ. ಮರಳಿದ ಮೇಲೆ ಅದು ಬಿಲ್. ಅದಕ್ಕೂ ಮುಂಚೆ ಬರೀ ಕರಡು.

ಆ 64 ಅಕ್ಷರಗಳು ಎಲ್ಲಿಂದ ಬರುತ್ತವೆ ಎಂದು ತಿಳಿದಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ತಾನಾಗಿಯೇ ಉತ್ತರ ಸಿಗುತ್ತದೆ. ನಾಲ್ಕೇ ಸಂಗತಿಗಳಿಂದ ಅದನ್ನು ಲೆಕ್ಕ ಹಾಕುತ್ತಾರೆ: ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ. ಸರಕು ಯಾವುದು, ದರ ಎಷ್ಟು ಎಂಬುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಒಂದು ವರ್ಷದಲ್ಲಿ ಒಂದು ಬಿಲ್ ಸಂಖ್ಯೆಗೆ ಒಂದೇ ಐಆರ್‌ಎನ್. ಎರಡನೆಯ ಸಲ ಅದೇ ಸಂಖ್ಯೆ ಕಳಿಸಿದರೆ ಪೋರ್ಟಲ್ ತಿರಸ್ಕರಿಸುತ್ತದೆ.

ಹಾಗಾದರೆ ಪ್ರತಿ ಬಿಲ್ಲನ್ನೂ ಸರ್ಕಾರದ ವೆಬ್‌ಸೈಟ್‌ನಲ್ಲಿ ಕೂತು ಬರೆಯಬೇಕೇ?

ಬೇಕಿಲ್ಲ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶದಲ್ಲಿ ಎಂದಿನಂತೆ ಬಿಲ್ ಮಾಡಿ ಉಳಿಸಿದರೆ ಅದೇ ಪೋರ್ಟಲ್‌ಗೆ ಕಳಿಸಿ ಸಂಖ್ಯೆ ತಂದುಕೊಳ್ಳುತ್ತದೆ; ಎಲ್ಲ ಸರಿಯಿದ್ದರೆ ಕೆಲವೇ ಸೆಕೆಂಡುಗಳ ಕೆಲಸ. ದಿನಕ್ಕೆ ಎರಡೋ ಮೂರೋ ಬಿಲ್ ಮಾಡುವವರಿಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಕೊಡುವ ಉಚಿತ ಸಾಧನಗಳೇ ಸಾಕು. ಬಿಲ್ಲಿನ ಮುಖ ಹೇಗಿರಬೇಕು ಎಂಬುದೂ ನಿಮ್ಮದೇ ಆಯ್ಕೆ. ಅಂಗಡಿಯ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಮೇಲೆ ಮಾರಿಕಾಂಬೆಯ ಚಿತ್ರ ಇರಲಿ, ಯಾರೂ ಬೇಡ ಎನ್ನುವುದಿಲ್ಲ. ಒಳಗೆ ಹೋಗುವ ಮಾಹಿತಿಯ ಚೌಕಟ್ಟು ಮಾತ್ರ ದೇಶಕ್ಕೆಲ್ಲ ಒಂದೇ.

ಇದು ಯಾರಿಗೆ ಕಡ್ಡಾಯ? ದೊಡ್ಡ ಕಂಪನಿಗಳಿಗೆ ಮಾತ್ರ ಎಂದು ಕೇಳಿದ್ದೆ.

ಕೇಳಿದ್ದು ಸುಳ್ಳಲ್ಲ, ಹಳೆಯದು. 2020ರ ಅಕ್ಟೋಬರ್ 1ರಂದು ಶುರುವಾದಾಗ 500 ಕೋಟಿ ರೂಪಾಯಿಗೂ ಮೇಲ್ಪಟ್ಟ ವಹಿವಾಟಿನವರಿಗೆ ಮಾತ್ರ ಇತ್ತು. ನಮ್ಮ ಜಿಲ್ಲೆಯಲ್ಲಿ ಅಂಥವರನ್ನು ಬೆರಳಲ್ಲಿ ಎಣಿಸಬಹುದು. 2021ರ ಜನವರಿಯಲ್ಲಿ ಮಿತಿ 100 ಕೋಟಿಗೆ ಇಳಿಯಿತು, ಅದೇ ಏಪ್ರಿಲ್‌ನಲ್ಲಿ 50ಕ್ಕೆ, 2022ರ ಏಪ್ರಿಲ್‌ನಲ್ಲಿ 20ಕ್ಕೆ, ಅಕ್ಟೋಬರ್‌ನಲ್ಲಿ 10ಕ್ಕೆ, 2023ರ ಆಗಸ್ಟ್ 1ರಿಂದ 5 ಕೋಟಿಗೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಾನು 2021ರಲ್ಲೇ ಹೇಳುತ್ತಿದ್ದೆ. ಆಗ ನಕ್ಕವರು ಈಗ ಕ್ಯೂಆರ್ ಕೋಡ್ ಮುದ್ರಿಸುತ್ತಿದ್ದಾರೆ.

ಐದು ಕೋಟಿ ಎಂದರೆ ಭಾರಿ ಮೊತ್ತ ಎನಿಸುತ್ತದೆ. ಅಡಿಕೆಯ ಲೆಕ್ಕದಲ್ಲಿ ನೋಡಿ. ಕ್ವಿಂಟಲ್‌ಗೆ 40,000 ರೂಪಾಯಿ ಎಂದು ಹಿಡಿದರೆ 1,250 ಕ್ವಿಂಟಲ್ ಆಯಿತು. ಲಾರಿಗೆ ನೂರು ಕ್ವಿಂಟಲ್ ತುಂಬಿದರೆ ಹನ್ನೆರಡು, ಹದಿಮೂರು ಲೋಡು. ರಾಶಿ ಅಡಿಕೆಗೆ ದರ ಬಂದ ವರ್ಷ ಸಾಧಾರಣ ವ್ಯಾಪಾರಿಯೂ ತನಗೆ ತಿಳಿಯದಂತೆ ಗಡಿ ದಾಟಿರುತ್ತಾನೆ. ಸರಕು ಹೆಚ್ಚಲಿಲ್ಲ, ದರ ಹೆಚ್ಚಿತು, ಅಷ್ಟೇ. ಪೋರ್ಟಲ್‌ಗೆ ಎರಡೂ ಒಂದೇ.

ಒಂದು ವರ್ಷ ಮಾತ್ರ ಐದು ಕೋಟಿ ದಾಟಿತ್ತು. ಆಮೇಲೆ ಮೂರು ಕೋಟಿಗೆ ಇಳಿದಿದೆ. ಈಗ ಬಿಡಬಹುದೇ?

ಬಿಡುವಂತಿಲ್ಲ. 2017-18ರಿಂದ ಈಚೆಗೆ ಹಿಂದಿನ ಯಾವುದಾದರೂ ಒಂದು ಹಣಕಾಸು ವರ್ಷದಲ್ಲಿ ದಾಟಿದ್ದರೆ ಸಾಕು. ಈ ವರ್ಷ ನಡುವೆ ಮೊದಲ ಸಲ ದಾಟಿದವರಿಗೆ ಮುಂದಿನ ಏಪ್ರಿಲ್ 1ರಿಂದ ಅನ್ವಯ. ಹತ್ತುವ ಮೆಟ್ಟಿಲಿದೆ, ಇಳಿಯುವ ಮೆಟ್ಟಿಲು ಇಟ್ಟಿಲ್ಲ. ಇದು ಸಣ್ಣವರಿಗೆ ಅನ್ಯಾಯ ಎಂಬುದು ನನ್ನ ಅಭಿಪ್ರಾಯ, ಆದರೆ ನನ್ನ ಅಭಿಪ್ರಾಯದ ಮೇಲೆ ಬಿಲ್ ಮಾಡಲು ಬರುವುದಿಲ್ಲ.

ವಹಿವಾಟು ಎಂದರೆ ತೆರಿಗೆ ಇರುವ ಮಾರಾಟ ಮಾತ್ರವೇ?

ಇಲ್ಲಿಯೇ ಕರಾವಳಿಯವರು ಎಡವುವುದು. ಒಬ್ಬರು ಬಂದರಿನಲ್ಲಿ ಹಸಿ ಮೀನು ಮಾರುತ್ತಾರೆ, ಜೊತೆಗೆ ಮಂಜುಗಡ್ಡೆಯ ಘಟಕವೂ ಇದೆ ಎಂದುಕೊಳ್ಳಿ. ಹಸಿ ಮೀನಿಗೆ ಜಿಎಸ್‌ಟಿ ಇಲ್ಲ. ಮಂಜುಗಡ್ಡೆಗೆ ಇದೆ. ಮೀನಿನಿಂದ 4 ಕೋಟಿ 60 ಲಕ್ಷ, ಮಂಜುಗಡ್ಡೆಯಿಂದ 50 ಲಕ್ಷ ಬಂದರೆ ಅವರ ಒಟ್ಟು ವಹಿವಾಟು 5 ಕೋಟಿ 10 ಲಕ್ಷ. ತೆರಿಗೆ ಇಲ್ಲದ ಮಾರಾಟವೂ ಎಣಿಕೆಗೆ ಸೇರುತ್ತದೆ. ಮೀನಿಗೆ ಇ-ಇನ್‌ವಾಯ್ಸ್ ಬೇಡ; ಆದರೆ ನೋಂದಾಯಿತ ವ್ಯಾಪಾರಿಗೆ ಮಾರಿದ ಮಂಜುಗಡ್ಡೆಗೆ ಬೇಕು. “ಐವತ್ತು ಲಕ್ಷದ ಮಂಜುಗಡ್ಡೆಗೆ ಇಷ್ಟೆಲ್ಲ ಬೇಕೇ?” ಎಂದು ಕೇಳಿದವರಿಗೆ ನಾನು ಹೌದು ಎಂದಷ್ಟೇ ಹೇಳಬಲ್ಲೆ.

ಎರಡನೆಯದು ಗೋವಾ. ಕಾರವಾರದಲ್ಲೊಂದು ಅಂಗಡಿ, ಮಡಗಾಂವಿನಲ್ಲೊಂದು ಅಂಗಡಿ, ಎರಡಕ್ಕೂ ಬೇರೆ ಜಿಎಸ್‌ಟಿ ಸಂಖ್ಯೆ, ಆದರೆ ಪ್ಯಾನ್ ಒಂದೇ. ಎಣಿಕೆ ನಡೆಯುವುದು ಪ್ಯಾನ್ ಮೇಲೆ. ಎರಡನ್ನೂ ಕೂಡಿಸಿಯೇ ನೋಡಬೇಕು.

ಮೂರನೆಯದು ದಲಾಲರದು. ತಮ್ಮ ಹೆಸರಿನ ಬಿಲ್ ಮೇಲೆ ರೈತರ ಅಡಿಕೆಯನ್ನು ಮಾರಿಕೊಡುವವರು ಕಮಿಷನ್ ಮಾತ್ರ ತಮ್ಮ ವಹಿವಾಟು ಎಂದು ಭಾವಿಸುತ್ತಾರೆ. ಬೇರೆಯವರ ಪರವಾಗಿ ಮಾರಿದ ಸರಕಿನ ಬೆಲೆಯೂ ಒಟ್ಟು ವಹಿವಾಟಿಗೆ ಸೇರುತ್ತದೆ.

ನಿಮ್ಮ ಸಂಖ್ಯೆ ಪಟ್ಟಿಯಲ್ಲಿದೆಯೇ ಎಂಬುದನ್ನು ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲೇ ಜಿಎಸ್‌ಟಿ ಸಂಖ್ಯೆ ಹಾಕಿ ನೋಡಬಹುದು. ಆದರೆ ಅಲ್ಲಿ ಹೆಸರಿಲ್ಲ ಎಂದು ನಿಶ್ಚಿಂತೆಯಿಂದ ಕೂರಬೇಡಿ. ಆ ಪಟ್ಟಿ ನಿಮ್ಮ ಹಳೆಯ ರಿಟರ್ನ್‌ಗಳನ್ನು ನೋಡಿ ಮಾಡಿದ್ದು, ಜವಾಬ್ದಾರಿ ನಿಮ್ಮದು.

ಯಾವ ಮಾರಾಟಕ್ಕೆ ಬೇಕು, ಯಾವುದಕ್ಕೆ ಬೇಡ?

ಜಿಎಸ್‌ಟಿ ನೋಂದಣಿ ಇರುವವರಿಗೆ ಮಾರಿದ ತೆರಿಗೆಯ ಸರಕು ಮತ್ತು ಸೇವೆಗೆ ಬೇಕು. ರಫ್ತಿಗೂ ಬೇಕು, ಗೇರು ತಿರುಳನ್ನು ಹೊರದೇಶಕ್ಕೆ ಕಳಿಸುವವರು ಇದನ್ನು ಮರೆಯುತ್ತಾರೆ. ಇವುಗಳಿಗೆ ಸಂಬಂಧಿಸಿದ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ಚೀಟಿ), ಡೆಬಿಟ್ ನೋಟ್‌ಗೂ (ಏರಿಸುವ ಚೀಟಿ) ಬೇಕು. ಡೆಲಿವರಿ ಚಲನ್‌ಗೆ, ಮುಂಗಡದ ರಸೀದಿಗೆ ಬೇಡ.

ತೆರಿಗೆ ಇಲ್ಲದ ಸರಕಿಗೆ ಕೊಡುವ ‘ಬಿಲ್ ಆಫ್ ಸಪ್ಲೈ’ಗೂ ಬೇಡ. ಸಾಣಿಕಟ್ಟೆಯ ಉಪ್ಪು, ಭಟ್ಕಳದ ಮಲ್ಲಿಗೆ, ಬುಟ್ಟಿಯಲ್ಲಿ ಬರುವ ಬಂಗಡೆ ಇವೆಲ್ಲ ಆ ಸಾಲಿನವು. ಅಡಿಕೆಯಲ್ಲಿ ಸೂಕ್ಷ್ಮವಿದೆ: ಹಸಿ ಅಡಿಕೆಗೆ ತೆರಿಗೆ ಇಲ್ಲ, ಒಣಗಿಸಿದ ಅಡಿಕೆಗೆ ಶೇ 5. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ನಮ್ಮ ಟೆಂಡರ್ ಪಟ್ಟಿಯಲ್ಲಿ ಎಷ್ಟು ಹೆಸರಿದ್ದರೂ ತೆರಿಗೆಯ ಕಣ್ಣಿಗೆ ಅವೆಲ್ಲ ಒಣ ಅಡಿಕೆಯೇ.

ಅಂಗಡಿಗೆ ಬಂದು ನಗದು ಕೊಟ್ಟು ಒಯ್ಯುವ ಗಿರಾಕಿಯ ಬಿಲ್‌ಗೆ ಬೇಡ. ಈ ಕಾರಣಕ್ಕೇ ಸೇವಾ ಸಹಕಾರಿ ಸಂಘಗಳಿಗೆ ಅರ್ಧ ತಲೆನೋವು ಕಡಿಮೆ. ಸಂಘದ ಒಟ್ಟು ವಹಿವಾಟು ಮಿತಿ ದಾಟಿದ್ದರೂ, ಸದಸ್ಯ ರೈತರಿಗೆ ಗೊಬ್ಬರ, ಕಿರಾಣಿ ಮಾರುವಾಗ ಹಳೆಯ ರೀತಿಯ ಬಿಲ್ ಸಾಕು. ಅದೇ ಸಂಘ ನೋಂದಾಯಿತ ವ್ಯಾಪಾರಿಗೆ ಅಡಿಕೆಯನ್ನೋ ಕಾಳುಮೆಣಸನ್ನೋ ಮಾರಿದರೆ ಐಆರ್‌ಎನ್ ಬೇಕು. ಮುರ್ಡೇಶ್ವರ, ಗೋಕರ್ಣದ ದೊಡ್ಡ ಹೋಟೆಲಿನವರಿಗೂ ಇದೇ ಸೂತ್ರ: ಪ್ರವಾಸಿಯ ಬಿಲ್‌ಗೆ ಬೇಡ, ಕಂಪನಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ತಂಗಿದವರ ಬಿಲ್‌ಗೆ ಬೇಕು.

ನಾವು ರೈತರಿಂದ ಕೊಳ್ಳುವವರು. ರೈತರೂ ಇ-ಇನ್‌ವಾಯ್ಸ್ ಕೊಡಬೇಕೇ?

ಇಲ್ಲ. ತನ್ನ ಜಮೀನಿನ ಬೆಳೆ ಮಾರುವ ಕೃಷಿಕನಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಗೇರುಬೀಜಕ್ಕೆ ಮಾತ್ರ ಒಂದು ತಿರುವು ಇದೆ. ಸಿಪ್ಪೆ ಸುಲಿಯದ ಗೇರುಬೀಜವನ್ನು ಕೃಷಿಕರಿಂದ ಕೊಂಡರೆ ತೆರಿಗೆ ಕಟ್ಟುವ ಹೊಣೆ ಕೊಂಡವರದು. ಆಗ ಕಾರ್ಖಾನೆಯವರು ತಮಗೆ ತಾವೇ ಒಂದು ಬಿಲ್ ಬರೆದುಕೊಳ್ಳಬೇಕು; 2024ರ ನವೆಂಬರ್‌ನಿಂದ ಅದಕ್ಕೆ 30 ದಿನದ ಗಡುವು ಇದೆ. ಈ ಸ್ವಂತ ಬಿಲ್‌ಗೆ ಐಆರ್‌ಎನ್ ಬೇಡ. ಅದೇ ಬೀಜ ತಿರುಳಾಗಿ ಹೊರಗೆ ಹೋಗುವಾಗ ಬೇಕು.

ಕಾರವಾರದ ನೌಕಾನೆಲೆಗೆ, ಸರ್ಕಾರಿ ಇಲಾಖೆಗಳಿಗೆ ಕೆಲಸ ಮಾಡಿಕೊಡುತ್ತೇವೆ. ಅವರು ವ್ಯಾಪಾರಿಗಳಲ್ಲವಲ್ಲ?

ವ್ಯಾಪಾರಿಗಳಲ್ಲ, ಆದರೆ ನೋಂದಣಿ ಇದೆ. ಗುತ್ತಿಗೆಯ ಮೊತ್ತ ಎರಡೂವರೆ ಲಕ್ಷ ದಾಟಿದರೆ ಬಿಲ್‌ನಲ್ಲಿ ಶೇ 2ರಷ್ಟು ಜಿಎಸ್‌ಟಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲು ಇಲಾಖೆಗಳು ನೋಂದಣಿ ಮಾಡಿಕೊಂಡಿರುತ್ತವೆ. ಆ ನೋಂದಣಿ ಇದ್ದರೂ ಸಾಕು, ಇ-ಇನ್‌ವಾಯ್ಸ್ ಬೇಕೆಂದು 2023ರಲ್ಲಿ ಕೇಂದ್ರದ ಸುತ್ತೋಲೆ ಸ್ಪಷ್ಟಪಡಿಸಿತು. ಕೈಗಾದ ಅಣು ವಿದ್ಯುತ್ ಸ್ಥಾವರದ ಬಗ್ಗೆ ಪ್ರಶ್ನೆಯೇ ಇಲ್ಲ. ಅದು ಸಾರ್ವಜನಿಕ ಉದ್ದಿಮೆ, ಎಲ್ಲ ನೋಂದಾಯಿತ ಗಿರಾಕಿಯಂತೆ. ಇಲಾಖೆಗೆ ಬಿಲ್ ಸಲ್ಲಿಸುವವರು ಅವರ ಟಿಡಿಎಸ್ ನೋಂದಣಿ ಸಂಖ್ಯೆಯನ್ನು ಕೆಲಸದ ಆದೇಶ ಬಂದ ದಿನವೇ ಕೇಳಿ ಪಡೆಯಿರಿ. ಮಾರ್ಚ್ ಕೊನೆಯ ವಾರದಲ್ಲಿ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.

ನಮ್ಮದು ಲಾರಿ ಕಚೇರಿ. ನಮಗೂ ಬೇಕೇ?

ಸರಕು ಸಾಗಣೆ ಏಜೆನ್ಸಿಗಳಿಗೆ ವಿನಾಯಿತಿ ಇದೆ. ಬ್ಯಾಂಕು, ವಿಮಾ ಕಂಪನಿ, ಪ್ರಯಾಣಿಕರ ಸಾರಿಗೆಯವರಿಗೂ ಇದೆ. ವಹಿವಾಟು ಮಿತಿ ದಾಟಿದ್ದರೆ, ತಮಗೆ ಇ-ಇನ್‌ವಾಯ್ಸ್ ಅನ್ವಯಿಸುವುದಿಲ್ಲ ಎಂಬ ಘೋಷಣೆಯ ಸಾಲೊಂದನ್ನು ಬಿಲ್ ಮೇಲೆ ಹಾಕಬೇಕು.

ಬಿಲ್ ತಪ್ಪಾದರೆ ಏನು ಮಾಡುವುದು? ಮೊದಲು ಹರಿದು ಹಾಕಿ ಇನ್ನೊಂದು ಬರೆಯುತ್ತಿದ್ದೆವು.

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕಾಗದದ ಬಿಲ್ ಪುಸ್ತಕ ಕ್ಷಮಿಸುತ್ತಿತ್ತು. ತಪ್ಪಾದರೆ ಅಡ್ಡ ಗೀಟು ಎಳೆದು ‘ರದ್ದು’ ಎಂದು ಬರೆದರಾಯಿತು. ಸಂಜೆ ದಲಾಲರು ಫೋನ್ ಮಾಡಿ ತೂಕ ಐದು ಕಿಲೊ ಹೆಚ್ಚಾಗಿದೆ ಎಂದರೆ ಮೂರೂ ಪ್ರತಿಗಳನ್ನು ವಾಪಸು ತರಿಸಿ ತಿದ್ದುತ್ತಿದ್ದರು. ತಿಂಗಳ ಕೊನೆಗೆ ಬೇಕಾದೀತು ಎಂದು ನಡುವೆ ಒಂದೆರಡು ಹಾಳೆ ಖಾಲಿ ಬಿಡುವ ಜಾಣರೂ ಇದ್ದರು. ಅವರ ಹೆಸರು ಬೇಡ.

ಈಗ ಪೋರ್ಟಲ್‌ನಲ್ಲಿ ತಿದ್ದುಪಡಿ ಎಂಬುದೇ ಇಲ್ಲ. ರದ್ದು ಮಾಡಬಹುದು, ಪೂರ್ತಿಯಾಗಿ, 24 ಗಂಟೆಯ ಒಳಗೆ. ರದ್ದಾದ ಬಿಲ್ಲಿನ ಸಂಖ್ಯೆ ಮತ್ತೆ ಬಳಕೆಗೆ ಬರುವುದಿಲ್ಲ. ಹೊಸ ಸಂಖ್ಯೆಯಲ್ಲಿ ಹೊಸ ಬಿಲ್ ಮಾಡಬೇಕು. ಆ ಬಿಲ್ ಮೇಲೆ ಚಾಲ್ತಿಯಲ್ಲಿರುವ ಇ-ವೇ ಬಿಲ್ (ಸರಕು ಸಾಗಣೆಯ ದಾಖಲೆ) ಇದ್ದರೆ ಅದನ್ನು ಮೊದಲು ರದ್ದು ಮಾಡದೆ ಐಆರ್‌ಎನ್ ರದ್ದಾಗುವುದಿಲ್ಲ. 24 ಗಂಟೆ ಕಳೆದರೆ ಉಳಿಯುವ ದಾರಿ ಕ್ರೆಡಿಟ್ ನೋಟ್. ಸಣ್ಣ ತಪ್ಪುಗಳನ್ನು ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಸರಿಪಡಿಸಬಹುದು, ಆದರೆ ಆಗ ಪೋರ್ಟಲ್‌ನ ದಾಖಲೆ ಒಂದು, ರಿಟರ್ನ್ ಇನ್ನೊಂದು ಆಗುತ್ತದೆ. ಏಕೆ ಎಂದು ಎರಡು ವರ್ಷದ ನಂತರ ಯಾರಾದರೂ ಕೇಳಿದಾಗ ನೆನಪಿರುವಂತೆ ಟಿಪ್ಪಣಿ ಬರೆದಿಡಿ.

ನನ್ನದೇ ಕಥೆ ಹೇಳುತ್ತೇನೆ. ಒಬ್ಬ ಗಿರಾಕಿಗೆ ಕಾರವಾರದಲ್ಲೊಂದು, ಗೋವಾದಲ್ಲೊಂದು ಅಂಗಡಿ, ಹೆಸರು ಒಂದೇ. ನಮ್ಮ ಹುಡುಗ ಪಟ್ಟಿಯಲ್ಲಿ ಮೇಲಿದ್ದ ಹೆಸರನ್ನು ಒತ್ತಿದ. ಅದು ಗೋವಾದ್ದು, 30ರಿಂದ ಶುರುವಾಗುವ ಸಂಖ್ಯೆ. ಕರ್ನಾಟಕದ ಸಂಖ್ಯೆ 29ರಿಂದ ಶುರುವಾಗುತ್ತದೆ. ಸರಕು ಕಾರವಾರದಲ್ಲೇ ಇಳಿಯಿತು, ಬಿಲ್‌ನಲ್ಲಿ ಮಾತ್ರ ಮಾಜಾಳಿ ಗಡಿ ದಾಟಿ ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ತೆರಿಗೆ) ಹಾಕಿಸಿಕೊಂಡಿತು. ಗೊತ್ತಾದದ್ದು ನಾಲ್ಕನೆಯ ದಿನ. ಗೋವಾ ಸಂಖ್ಯೆಗೆ ಕ್ರೆಡಿಟ್ ನೋಟ್, ಕಾರವಾರದ ಸಂಖ್ಯೆಗೆ ಹೊಸ ಬಿಲ್, ಎರಡಕ್ಕೂ ಐಆರ್‌ಎನ್. ಇಷ್ಟಾದ ಮೇಲೆ ಗೋವಾ ಅಂಗಡಿಯ ಲೆಕ್ಕದವರು ಫೋನ್ ಮಾಡಿದರು: ನಾವು ಕೊಳ್ಳದ ಸರಕಿನ ಬಿಲ್ಲೂ, ಅದನ್ನು ವಾಪಸು ಪಡೆದ ನೋಟೂ ನಮ್ಮ ಖಾತೆಯಲ್ಲಿ ಏಕೆ ಕಾಣುತ್ತಿವೆ ಎಂದು. ವಿವರಿಸಲು ಅರ್ಧ ದಿನ ಹೋಯಿತು. ಕಾಗದದ ಕಾಲದಲ್ಲಿ ಈ ತಪ್ಪು ಗಿರಾಕಿಯ ಮೇಜಿನ ಮೇಲೆಯೇ ಸಾಯುತ್ತಿತ್ತು.

ಹಾಗಾದರೆ ಶುರು ಮಾಡುವ ಮುಂಚೆ ಏನು ಸಿದ್ಧ ಮಾಡಿಕೊಳ್ಳಬೇಕು?

ತಂತ್ರಾಂಶ ಕೊಳ್ಳುವ ಮೊದಲು ಗಿರಾಕಿಗಳ ಪಟ್ಟಿಯನ್ನು ತೆಗೆದು ಕೂರಿ. ಎಲ್ಲರೂ ಇದನ್ನು ಕೊನೆಗೆ ಮಾಡುತ್ತಾರೆ, ಮೊದಲ ದಿನವೇ ಪೋರ್ಟಲ್ ಹತ್ತು ಬಿಲ್ ವಾಪಸು ಕಳಿಸುತ್ತದೆ, ಆಮೇಲೆ ತಂತ್ರಾಂಶ ಮಾರಿದವನಿಗೆ ಬೈಯುತ್ತಾರೆ.

ಪ್ರತಿ ಗಿರಾಕಿಯ ಜಿಎಸ್‌ಟಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಿ. ರದ್ದಾದ ನೋಂದಣಿಗೆ ಬಿಲ್ ಆಗುವುದಿಲ್ಲ. ನಮ್ಮ ಕಡೆ ಅಪ್ಪನ ಹೆಸರಿನಲ್ಲಿದ್ದ ಅಂಗಡಿ ಮಗನ ಹೆಸರಿಗೆ ಬಂದು, ಹಳೆಯ ಸಂಖ್ಯೆ ರದ್ದಾಗಿ, ಹೊಸದು ಬಂದು ವರ್ಷವಾಗಿದ್ದರೂ ಯಾರಿಗೂ ಹೇಳಿರುವುದಿಲ್ಲ. ಪಿನ್‌ಕೋಡ್ ಸರಿಯಿರಬೇಕು, ಅದು ರಾಜ್ಯದೊಂದಿಗೆ ಹೊಂದಬೇಕು. ಕಾರವಾರ 581301, ಶಿರಸಿ 581401. ಗೋವಾದ ಗಿರಾಕಿಗೆ 581ರಿಂದ ಶುರುವಾಗುವ ಪಿನ್ ಹಾಕಿದರೆ ಬಿಲ್ ಅಲ್ಲೇ ನಿಲ್ಲುತ್ತದೆ.

ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆ, ಐದು ಕೋಟಿ ದಾಟಿದವರಿಗೆ ಆರು ಅಂಕಿಯದು ಬೇಕು. ಅಳತೆಯ ಘಟಕವೂ ಅವರ ಪಟ್ಟಿಯಲ್ಲಿರುವುದೇ ಆಗಬೇಕು: ಕಿಲೊ, ಕ್ವಿಂಟಲ್, ಚೀಲ ಇವೆ, ಮಣ ಇಲ್ಲ. ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಅಡ್ಡಗೆರೆ ಮತ್ತು ಓರೆಗೆರೆ ಬಿಟ್ಟು ಬೇರೆ ಚಿಹ್ನೆ ನಡೆಯುವುದಿಲ್ಲ. ಅಂಗಡಿಯ ಪೂರ್ತಿ ಹೆಸರು, ವರ್ಷ, ಶಾಖೆ ಎಲ್ಲವನ್ನೂ ಬಿಲ್ ಸಂಖ್ಯೆಯಲ್ಲೇ ತುರುಕುವ ಚಟವಿದ್ದವರು ಅದನ್ನು ಬಿಡಬೇಕಾಗುತ್ತದೆ. ಕೌಂಟರ್ ಮಾರಾಟಕ್ಕೆ ಕೈಬರಹದ ಪುಸ್ತಕ ಉಳಿಸಿಕೊಳ್ಳುವವರು ಅದರ ಸಂಖ್ಯೆಯ ಸರಣಿಯನ್ನು ಬೇರೆ ಇಡಿ.

ಈ ಕೆಲಸಕ್ಕೆ ಇನ್ನೂರು ಗಿರಾಕಿಗಳಿರುವ ಅಂಗಡಿಗೆ ಒಂದು ವಾರ ಬೇಕು. ಬೇಸರದ ವಾರ. ಅಡಿಕೆ ಹಂಗಾಮಿನಲ್ಲಿ ಮಾಡಲು ಹೋಗಬೇಡಿ, ಮಳೆಗಾಲದಲ್ಲಿ ಮಾಡಿ.

ಮಳೆಗಾಲ ಎಂದಿರಿ. ನಮ್ಮಲ್ಲಿ ಆಗ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಲಾರಿ ತುಂಬಿ ನಿಂತಿದ್ದರೆ?

ನಿಯಮ ಕಠಿಣವಾಗಿದೆ: ಸರಕು ಹೊರಡುವ ಮುಂಚೆ ಬಿಲ್ ಆಗಿರಬೇಕು, ಐಆರ್‌ಎನ್ ಇಲ್ಲದೆ ಬಿಲ್ ಆಗುವುದಿಲ್ಲ. ನೆಟ್‌ವರ್ಕ್ ಇರಲಿಲ್ಲ ಎಂಬುದಕ್ಕೆ ಕಾನೂನಿನಲ್ಲಿ ಸಾಲಿಲ್ಲ. ಹಾಗಾಗಿ ವ್ಯವಸ್ಥೆ ನಮ್ಮದೇ. ಯುಪಿಎಸ್ ಒಂದು, ಎರಡು ಬೇರೆ ಕಂಪನಿಯ ಸಿಮ್‌ಗಳು, ಅದೂ ಇಲ್ಲವಾದರೆ ಬಿಲ್ಲಿನ ಕಡತವನ್ನು ಪೇಟೆಯಲ್ಲಿ ಸಿಗ್ನಲ್ ಇರುವ ಯಾರಿಗಾದರೂ ತಲುಪಿಸಿ ಅಲ್ಲಿಂದ ಏರಿಸುವುದು. ಘಟ್ಟದ ಒಳಗಿನ ಒಂದು ವಖಾರಿಯವರು ಲ್ಯಾಪ್‌ಟಾಪ್ ಹಿಡಿದು ಗುಡ್ಡದ ನೆತ್ತಿಗೆ ಬೈಕಿನಲ್ಲಿ ಹೋಗುತ್ತಾರೆ. ನಗಬೇಡಿ, ಅವರ ಬಿಲ್ ಒಂದೂ ತಡವಾಗಿಲ್ಲ.

ಎನ್‌ಐಸಿಯದ್ದಲ್ಲದೆ ಬೇರೆ ಅಧಿಕೃತ ನೋಂದಣಿ ಪೋರ್ಟಲ್‌ಗಳೂ ಇವೆ. ಒಂದು ಕೆಟ್ಟು ಕುಳಿತಾಗ ಇನ್ನೊಂದರಲ್ಲಿ ಮಾಡಬಹುದು, ಮೊದಲೇ ಅಲ್ಲಿಯೂ ಖಾತೆ ತೆರೆದಿಟ್ಟಿದ್ದರೆ.

ಇ-ವೇ ಬಿಲ್ ಬೇರೆ ಮಾಡಬೇಕೇ, ಎರಡೂ ಒಂದೇನಾ?

ಎರಡೂ ಬೇರೆ. ಇ-ಇನ್‌ವಾಯ್ಸ್ ಮಾರಾಟದ ದಾಖಲೆ, ಇ-ವೇ ಬಿಲ್ ಸಾಗಣೆಯದು. ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕಿಗೆ ಬೇಕು. ವಾಹನದ ವಿವರವನ್ನೂ ಸೇರಿಸಿ ಕಳಿಸಿದರೆ ಎರಡೂ ಒಟ್ಟಿಗೇ ಸಿಗುತ್ತವೆ. ಕರ್ನಾಟಕದವರಿಗೆ ಇದು ಹೊಸತಲ್ಲ. ಜಿಎಸ್‌ಟಿಗೂ ಮುಂಚಿನ ವ್ಯಾಟ್ ಕಾಲದಲ್ಲಿ ಸಾಗಣೆಗೆ ಬೇಕಾಗಿದ್ದ ಇ-ಸುಗಮ್ ನೆನಪಿದೆಯಲ್ಲ? ರಾಜ್ಯದ ಒಳಗಿನ ಸಾಗಣೆಗೂ 2018ರ ಏಪ್ರಿಲ್ 1ರಿಂದಲೇ ಇ-ವೇ ಬಿಲ್ ತಂದದ್ದು ನಮ್ಮ ರಾಜ್ಯವೇ.

ದಾರಿಯಲ್ಲಿ ಲಾರಿ ಸಿಕ್ಕಿಬಿದ್ದರೆ ಇ-ವೇ ಬಿಲ್ ಅವಧಿಯನ್ನು ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯ ತನಕ ವಿಸ್ತರಿಸಬಹುದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾದಾಗ ಈ ನಿಯಮ ಎಷ್ಟು ಮುಖ್ಯ ಎಂದು ತಿಳಿಯಿತು. ಅಲ್ಲಿ ಹೋದ ಜೀವಗಳ ಮುಂದೆ ಬಿಲ್ಲಿನ ಮಾತು ಸಣ್ಣದು, ಆದರೂ ಸರಕಿನ ಜೊತೆ ರಸ್ತೆಯಲ್ಲಿ ನಿಂತ ಚಾಲಕನ ಕೈಯಲ್ಲಿ ಅವಧಿ ಮುಗಿದ ಕಾಗದ ಇರಬಾರದು.

ತಡವಾಗಿ, ಹಿಂದಿನ ತಾರೀಖು ಹಾಕಿ ಮಾಡಿದರೆ ನಡೆಯುತ್ತದೆಯೇ?

2025ರ ಏಪ್ರಿಲ್ 1ರಿಂದ 10 ಕೋಟಿ ಮತ್ತು ಅದಕ್ಕೂ ಹೆಚ್ಚಿನ ವಹಿವಾಟಿನವರು ಬಿಲ್ ತಾರೀಖಿನಿಂದ 30 ದಿನದೊಳಗೆ ನೋಂದಾಯಿಸಲೇಬೇಕು. ಮೂವತ್ತೊಂದನೆಯ ದಿನ ಪೋರ್ಟಲ್ ಬಾಗಿಲು ತೆರೆಯುವುದಿಲ್ಲ. ಐದರಿಂದ ಹತ್ತು ಕೋಟಿಯವರಿಗೆ ಪೋರ್ಟಲ್ ತಡೆಯುವುದಿಲ್ಲ, ಹಾಗೆಂದು ಅನುಮತಿ ಇದೆ ಎಂದಲ್ಲ. ಪ್ರತಿ ಐಆರ್‌ಎನ್ ಜೊತೆ ಅದು ಸಿಕ್ಕ ದಿನ, ಗಳಿಗೆ ದಾಖಲಾಗಿರುತ್ತದೆ. ಬಿಲ್ ಮೂರನೆಯ ತಾರೀಖಿನದು, ನೋಂದಣಿ ಇಪ್ಪತ್ತೆಂಟರದು ಎಂದರೆ ಸರಕು ನಡುವೆ ಯಾವ ಕಾಗದದ ಮೇಲೆ ಓಡಾಡಿತು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು.

ಮೂರು ಪ್ರತಿ, ಸಹಿ, ಮೊಹರು ಬೇಕೇ?

ಮೂರು ಪ್ರತಿ ಬೇಡ. ನಿಮ್ಮ ಸಹಿಯೂ ಕಡ್ಡಾಯವಲ್ಲ. ಕ್ಯೂಆರ್ ಕೋಡ್ ಮಾತ್ರ ಸ್ಪಷ್ಟವಾಗಿ ಮುದ್ರಿತವಾಗಿರಬೇಕು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಮೇಲೆ ಪ್ರೀತಿಯಿಟ್ಟುಕೊಂಡವರು ಇದನ್ನು ಓದಿ: ನಮ್ಮ ಒಬ್ಬ ಗಿರಾಕಿಯ ಬಿಲ್‌ನಲ್ಲಿ ಅದು ಕೋಡ್ ಮುದ್ರಿಸುವ ಬದಲು ಇರುವೆ ಸಾಲು ಮುದ್ರಿಸಿತು, ತಪಾಸಣೆಯವರ ಮೊಬೈಲ್‌ಗೆ ಅದು ಓದಲಾಗಲಿಲ್ಲ. ಸಣ್ಣ ಲೇಸರ್ ಪ್ರಿಂಟರ್ ಕೊಳ್ಳಿ. ಮೊಹರು ಹೊಡೆಯುವ ಆಸೆ ಬಿಡದವರು ಕೋಡ್‌ನ ಮೇಲೆ ಹೊಡೆಯದಿದ್ದರೆ ಸಾಕು.

ಒಟಿಪಿ ಕೇಳುತ್ತದೆ ಎನ್ನುತ್ತಾರೆ. ಮೊಬೈಲ್ ಯಾವಾಗಲೂ ಯಜಮಾನರ ಬಳಿ ಇರುತ್ತದೆ.

2025ರ ಏಪ್ರಿಲ್ 1ರಿಂದ ಪೋರ್ಟಲ್‌ಗೆ ಪ್ರವೇಶಿಸಲು ಪಾಸ್‌ವರ್ಡ್ ಜೊತೆ ಒಟಿಪಿ ಎಲ್ಲರಿಗೂ ಕಡ್ಡಾಯ. ಯಜಮಾನರು ಮದುವೆಗೆಂದು ಸಿದ್ದಾಪುರದ ಒಳಗಿನ ಯಾವುದೋ ಊರಿಗೆ ಹೋದರೆ ಶಿರಸಿಯ ವಖಾರಿಯಲ್ಲಿ ಬಿಲ್ ನಿಲ್ಲುತ್ತದೆ. ಇದಕ್ಕೆ ಪೋರ್ಟಲ್‌ನಲ್ಲೇ ಉಪ-ಬಳಕೆದಾರರನ್ನು ಸೇರಿಸುವ ಅವಕಾಶವಿದೆ. ಬಿಲ್ ಮಾಡುವವರ ಮೊಬೈಲ್ ಅನ್ನೇ ಅದಕ್ಕೆ ಜೋಡಿಸಿ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸಿ, ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವ ಪದ್ಧತಿ ಬಿಡಿ. ನನ್ನಂಥ ಸಲಹೆಗಾರರ ಬಳಿ ಪಾಸ್‌ವರ್ಡ್ ಇದ್ದರೂ ನಿಮ್ಮ ಬಳಿಯೂ ಇರಲಿ. ಕೆಲಸದವರು ಬಿಟ್ಟುಹೋದ ದಿನವೇ ಅವರ ಪ್ರವೇಶ ತೆಗೆಯಿರಿ.

ಕೊಳ್ಳುವವರಾಗಿ ನಾವು ಏನು ನೋಡಬೇಕು?

ನಿಮ್ಮ ವಹಿವಾಟು ಚಿಕ್ಕದಿರಬಹುದು, ಮಾರಿದವರದು ದೊಡ್ಡದಿದ್ದರೆ ಬಿಲ್ ಮೇಲೆ ಕ್ಯೂಆರ್ ಕೋಡ್ ಇರಬೇಕು. ಇರಬೇಕಾದ ಕಡೆ ಇಲ್ಲದಿದ್ದರೆ ಕಾನೂನು ಅದನ್ನು ಇನ್‌ವಾಯ್ಸ್ ಎಂದೇ ಪರಿಗಣಿಸುವುದಿಲ್ಲ, ನಿಮ್ಮ ಇನ್‌ಪುಟ್ ಕ್ರೆಡಿಟ್‌ಗೆ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಮುರಿದುಕೊಳ್ಳುವ ಹಕ್ಕಿಗೆ, ಕುತ್ತು. ಕೋಡ್ ಅನ್ನು ಅಧಿಕೃತ ಆ್ಯಪ್‌ನಿಂದ ಓದಿ ನೋಡಿ. ಎರಡೂ ಕಡೆಯ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ತಾರೀಖು, ಮೊತ್ತ, ಎಷ್ಟು ಬಗೆಯ ಸರಕು, ಮುಖ್ಯ ಸರಕಿನ ಎಚ್‌ಎಸ್‌ಎನ್, ಐಆರ್‌ಎನ್ ಎಲ್ಲ ಅದರಲ್ಲಿರುತ್ತವೆ. ಕಾಗದದಲ್ಲಿರುವುದಕ್ಕೂ ಕೋಡ್‌ನಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಹಣ ಕೊಡುವ ಮುಂಚೆ ಫೋನ್ ಮಾಡಿ. ಲಾಭದ ಮಾತೂ ಹೇಳಬೇಕು: ನೋಂದಣಿಯಾದ ಬಿಲ್ ಮಾರಿದವರ ಜಿಎಸ್‌ಟಿಆರ್-1ಕ್ಕೆ ತಾನಾಗಿಯೇ ಹೋಗುತ್ತದೆ. “ನಿಮ್ಮ ಬಿಲ್ ನಮ್ಮ 2ಬಿಯಲ್ಲಿ (ಕೊಳ್ಳುವವರಿಗೆ ಪೋರ್ಟಲ್ ತೋರಿಸುವ ಖರೀದಿ ಪಟ್ಟಿ) ಕಾಣುತ್ತಿಲ್ಲ” ಎಂಬ ತಿಂಗಳ ಜಗಳ ನನ್ನ ಕಚೇರಿಯಲ್ಲಿ ಬಹಳ ಕಡಿಮೆಯಾಗಿದೆ.

ಮಾಡದೆ ಸುಮ್ಮನಿದ್ದರೆ?

ಬಿಲ್ ಇಲ್ಲದೆ ಮಾರಿದಂತೆ. ಜಿಎಸ್‌ಟಿ ಕಾಯ್ದೆಯ ಕಲಂ 122ರಲ್ಲಿ 10,000 ರೂಪಾಯಿ ಅಥವಾ ತೆರಿಗೆಯ ಮೊತ್ತ, ಯಾವುದು ಹೆಚ್ಚೋ ಅದು ದಂಡ. ಲಾರಿಯನ್ನು ದಾರಿಯಲ್ಲಿ ತಡೆದರೆ ತೆರಿಗೆಯ ದುಪ್ಪಟ್ಟು ಕಟ್ಟಿ ಬಿಡಿಸಿಕೊಳ್ಳಬೇಕಾದೀತು. ದಂಡಕ್ಕಿಂತ ಮೊದಲು ಗಿರಾಕಿ ಹೋಗುತ್ತಾನೆ, ಅದನ್ನು ನಾನು ಕಂಡಿದ್ದೇನೆ.

ಹಳೆಯ ಬಿಲ್ ಪುಸ್ತಕಗಳನ್ನು ಎಸೆಯಬಹುದೇ?

ಆಯಾ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕು. ಅಟ್ಟದ ಮೇಲೆ ಇಟ್ಟರೆ ಆರು ಮಳೆಗಾಲದಲ್ಲಿ ಗೆದ್ದಲು ಲೆಕ್ಕ ಮುಗಿಸುತ್ತದೆ, ಕಬ್ಬಿಣದ ಬೀರುವಿನಲ್ಲಿಡಿ. ಇ-ಇನ್‌ವಾಯ್ಸ್‌ಗೂ ಇದೇ ಅವಧಿ. ಪೋರ್ಟಲ್‌ನಲ್ಲಿ ಇದೆಯಲ್ಲ ಎಂದು ನಂಬಿ ಕೂರದೆ ಸಹಿ ಇರುವ ಮೂಲ ಕಡತವನ್ನು ಪ್ರತಿ ತಿಂಗಳೂ ಬೇರೊಂದು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಿ. ಪಿಡಿಎಫ್ ಅದರ ಚಿತ್ರ ಮಾತ್ರ.

ನಮ್ಮ ಗುಮಾಸ್ತರಿಗೆ ಅರವತ್ತು ದಾಟಿದೆ. ಕಂಪ್ಯೂಟರ್ ಮುಟ್ಟುವುದಿಲ್ಲ. ಅವರನ್ನು ಬಿಡಿಸಬೇಕೇ?

ಬಿಡಿಸಬೇಡಿ. ಬಟನ್ ಒತ್ತಲು ಇಪ್ಪತ್ತರ ಹುಡುಗ ಸಾಕು. ಯಾವ ಹೆಸರಿನ ಮುಂದೆ ಯಾವ ಊರು, ಯಾರ ಅಂಗಡಿ ಮಗನ ಹೆಸರಿಗೆ ಹೋಯಿತು, ಯಾರು ಬಿಲ್ ಒಂದು ಕಡೆ ಹಾಕಿಸಿ ಸರಕನ್ನು ಇನ್ನೊಂದು ಕಡೆ ಇಳಿಸುತ್ತಾರೆ ಎಂಬುದು ಆ ಹುಡುಗನಿಗೆ ಗೊತ್ತಿಲ್ಲ. ಆ ಗೋವಾ ಬಿಲ್ಲಿನ ಪ್ರಸಂಗದ ನಂತರ ನನ್ನ ಕಚೇರಿಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನಮ್ಮ ಹಿರಿಯ ಗುಮಾಸ್ತರು ಕುರ್ಚಿ ಎಳೆದುಕೊಂಡು ಹುಡುಗನ ಪಕ್ಕ ಕೂರುತ್ತಾರೆ. ಪರದೆಯ ಮೇಲೆ ಗಿರಾಕಿಯ ಹೆಸರು ಬಂದಾಗ ಕನ್ನಡಕ ಮೇಲಕ್ಕೆ ಸರಿಸಿ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಾರೆ: “ಇಪ್ಪತ್ತೊಂಬತ್ತೋ, ಮೂವತ್ತೋ?” ಹುಡುಗ ಓದಿ ಹೇಳಿದ ಮೇಲೆಯೇ ಬಿಲ್ ಹೋಗುತ್ತದೆ.